ಜರ್ಮನಿಯ ಎರಡು ಬೆಳ್ಳಿ ಡಬ್ಬಿಗಳು

ವಿಮಾನ ನಿಲ್ದಾಣ

ವಿದೇಶಕ್ಕೆ ಹೊರಟವರಿಗೆ ನನ್ನದೊಂದು ಮಾತು: ಒರೆಗಲ್ಲನ್ನು ರೊಟ್ಟಿಯ ಗಂಟಿನೊಳಗೆ ಇಡಬೇಡಿ. ಬೇರೆ ಎಲ್ಲಾದರೂ ಇಡಿ. ಜರ್ಮನಿಯಲ್ಲಿ ಇಳಿದಾಗ ಸುಂಕದ ಕಟ್ಟೆಯಲ್ಲಿ ಕೂತ ಹೆಣ್ಣುಮಗಳೊಬ್ಬಳು ನನ್ನ ಚೀಲ ಬಿಚ್ಚಿಸಿದಳು. ಮೇಲೆ ಖಡಕ್ ರೊಟ್ಟಿ, ಅದರ ಕೆಳಗೆ ಗುರೆಳ್ಳು ಪುಡಿ, ಅದರ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಕರೀ ಕಲ್ಲು. ರೊಟ್ಟಿಯನ್ನು ಬೆರಳಿನಿಂದ ತಟ್ಟಿ ನೋಡಿ, ಇದು ತಿನ್ನುವುದೋ ಸೂರಿಗೆ ಹೊದಿಸುವುದೋ ಎಂಬಂತೆ ಮುಖ ಮಾಡಿದಳು. ಕಲ್ಲು ಸಿಕ್ಕ ಮೇಲೆ ಇನ್ನಿಬ್ಬರನ್ನು ಕರೆದಳು. ನನಗೆ ಬರುವ ಇಂಗ್ಲಿಷು ವ್ಯಾಪಾರದ ಇಂಗ್ಲಿಷು. ಬಾಯಲ್ಲಿ ಹೇಳುವ ಬದಲು ನನ್ನ ಉಂಗುರ ಕಲ್ಲಿಗೆ ಉಜ್ಜಿ ಗೆರೆ ತೋರಿಸಿದೆ. ಅವರಲ್ಲಿ ದಪ್ಪಗಿದ್ದವನು ಒಂದು ಕ್ಷಣ ಯೋಚಿಸಿ ತನ್ನ ಮದುವೆಯ ಉಂಗುರ ತೆಗೆದು ಚಾಚಿದ. ಉಜ್ಜಿ ನೋಡಿದೆ, ಮಾಲು ಚೆನ್ನಾಗಿತ್ತು. ಹಾಗೆಂದು ತಲೆಯಾಡಿಸಿದೆ. ಅವನು ಉಂಗುರ ಹಾಕಿಕೊಂಡ ರೀತಿ ನೋಡಿದರೆ, ಅದು ಬೆಳಿಗ್ಗೆಗಿಂತ ಭಾರವಾದಂತಿತ್ತು.

ನಾನು ಕೊಟ್ಟೂರಿನಲ್ಲಿ ಬೆಳ್ಳಿ ಅಂಗಡಿ ಇಟ್ಟವನು. ಮೊದಲು ಅಂಗಡಿ ಇರಲಿಲ್ಲ, ಸೈಕಲ್ ಇತ್ತು. ಹಿಂದೆ ಟ್ರಂಕು ಕಟ್ಟಿಕೊಂಡು ಹಿರೇಹಡಗಲಿ, ಮಾಗಳ, ಹರಪನಹಳ್ಳಿ ಸಂತೆಗಳಲ್ಲಿ ಕಾಲುಂಗುರ, ಕಾಲ್ಗೆಜ್ಜೆ ಮಾರಿ ಮೇಲೆ ಬಂದವನು. ಹೊಸ ಶತಮಾನ ಹುಟ್ಟಿ ಮೂರೋ ನಾಲ್ಕೋ ವರ್ಷವಾಗಿತ್ತು. ಸರಪಳಿ ಹೆಣೆಯುವ ಹಳೆಯ ಯಂತ್ರವೊಂದನ್ನು ನೋಡಿ ಕೊಳ್ಳಲು ಹೊರಟಿದ್ದೆ. ಅದೇ ದೇಶದಲ್ಲಿ ನನ್ನ ಅಕ್ಕ ಗೌರಮ್ಮನ ಮಗಳು ಪೂರ್ಣಿ, ಪೂರ್ತಿ ಹೆಸರು ಅನ್ನಪೂರ್ಣ, ಒಂದು ಪ್ರಯೋಗಶಾಲೆಯಲ್ಲಿ ಡಾಕ್ಟರೇಟಿಗೆ ಓದುತ್ತಿದ್ದಳು. ಹೊರಡುವ ದಿನ ಅಕ್ಕ ಹಿರೇಹಡಗಲಿಯಿಂದ ಬಸ್ಸಿನಲ್ಲಿ ಬಂದು ರೊಟ್ಟಿ ಗಂಟು ಕೊಟ್ಟಳು.

“ಆಕೀ ಕೆಲಸ ಎಲ್ಲಿಗೆ ಬಂತು ಅಂತ ಕೇಳು. ಫೋನಿನ್ಯಾಗ ಬರೇ ‘ನಡೀತೈತಿ, ನಡೀತೈತಿ’ ಅಂತಾಳ. ನಡಿಯೋದು ಎಲ್ಲಿಗೆ ಅಂತ ಒಮ್ಮಿನೂ ಹೇಳಂಗಿಲ್ಲ,” ಅಂದಳು.

ಯಂತ್ರದ ಊರು

ಯಂತ್ರ ಮಾರುವವನು ಎಪ್ಪತ್ತು ದಾಟಿದ ಮುದುಕ. ಕೆಲಸ ನಿಲ್ಲಿಸಿದ ಕಾರ್ಖಾನೆಯಲ್ಲಿ ಒಬ್ಬನೇ ಇದ್ದ. ಯಂತ್ರವನ್ನು ಓಡಿಸಿ ತೋರಿಸಿದ, ಬೆಲೆ ಹೇಳಿದ. ನಾನು ಅರ್ಧಕ್ಕೆ ಕೇಳಿದೆ. ಅವನು ಬೇಸರ ಮಾಡಿಕೊಳ್ಳಲಿಲ್ಲ, ನಗಲಿಲ್ಲ, ಮತ್ತೆ ಅದೇ ಬೆಲೆ ಹೇಳಿದ. ನಮ್ಮಲ್ಲಿ ಮುಂದಿನ ಹೆಜ್ಜೆ ಎಲ್ಲರಿಗೂ ಗೊತ್ತು: ಎದ್ದು ಹೊರಡುವುದು. ಗಿರಾಕಿ ಮೂರು ಮೆಟ್ಟಿಲು ಇಳಿಯುವಷ್ಟರಲ್ಲಿ ಅಂಗಡಿಯವನು ಕೂಗಬೇಕು. ನಾನೆದ್ದೆ. ಮುದುಕನೂ ಎದ್ದ. ನನ್ನ ಕೋಟು ತಂದು ತೋಳು ತೂರಿಸಲು ಹಿಡಿದು ನಿಂತ, ಬಾಗಿಲು ತೆಗೆದು ಕೈ ಕುಲುಕಿ ಕಳಿಸಿಕೊಟ್ಟ.

ತುಂತುರು ಮಳೆಯಲ್ಲಿ ರಸ್ತೆಯ ಮೇಲೆ ನಿಂತೆ. ಕರೆಯುತ್ತಾನೆಂದು ಕಾದೆ. ಒಳಗೆ ದೀಪ ಆರಿದ್ದು ಕಂಡಿತು. ಕೊನೆಗೆ ನಾನೇ ಹೋಗಿ ಗಂಟೆ ಒತ್ತಿದೆ. ಗೆದ್ದೆ ಎಂಬ ಗರ್ವವಿಲ್ಲದೆ ಬಾಗಿಲು ತೆಗೆದ, ಕಾಫಿ ಮಾಡಿದ, ಅವನು ಹೇಳಿದ್ದಕ್ಕೇ ಕೊಂಡೆ. ಆ ಕಡೆ ವ್ಯಾಪಾರಕ್ಕೆ ಹೋಗುವವರು ಎದ್ದು ಹೋಗುವ ಆಟ ಆಡದಿರುವುದು ಒಳ್ಳೆಯದು. ಆಡಲೇಬೇಕೆಂದರೆ ಛತ್ರಿ ಇರಲಿ.

ಪೂರ್ಣಿಯ ಊರು: ಬುಧವಾರ

ರೈಲು ಸ್ಟೇಷನ್ನಿಗೆ ಪೂರ್ಣಿ ಬಂದಿದ್ದಳು. ಐದು ವರ್ಷದ ಹಿಂದೆ ಕಳಿಸಿದಾಗ ದುಂಡಗಿದ್ದ ಮುಖ ಕೋಲಾಗಿತ್ತು. ಅವಳ ಕೋಣೆ ನಮ್ಮ ಅಂಗಡಿಯ ಹಿಂಬದಿಯಷ್ಟೂ ಇರಲಿಲ್ಲ. ರೊಟ್ಟಿ ಕಂಡ ಕೂಡಲೆ ನೆಲದ ಮೇಲೆ ಕೂತು, ಎಣ್ಣೆ ಹಾಕದೆ ಬರೀ ಪುಡಿ ಹಚ್ಚಿಕೊಂಡು ಎರಡು ರೊಟ್ಟಿ ಮುರಿದು ತಿಂದಳು. ಆಮೇಲೆ ಮಾತಾಡಿದಳು.

“ಮಾವ, ಶುಕ್ರವಾರ ಮಧ್ಯಾಹ್ನ ಮೂರು ಮಂದಿ ಹಿರೇರು ಬರ್ತಾರ. ನನ್ನ ಕೆಲಸ ನೋಡ್ತಾರ. ಚಲೋ ಐತಿ ಅಂದ್ರ ಇನ್ನೊಂದು ವರ್ಷ ಇಲ್ಲೇ ಇಟಗೋತಾರ, ಮುಗಸ್ತೀನಿ. ಇಲ್ಲಾಂದ್ರ ಅರ್ಧಕ್ಕ ಬಿಟ್ಟು ಬರಬೇಕಾಗತೈತಿ.”

“ಅರ್ಧಕ್ಕ ಅಂದ್ರ?”

“ಐದು ವರ್ಷದ್ದು ಅರ್ಧಕ್ಕ.”

ಏನು ಕೆಲಸ ಎಂದು ಕೇಳಿದೆ. ನನಗೆ ತಿಳಿಯುವಂತೆ ಹೇಳಿದಳು. ನಾನೂ ನಿಮಗೆ ಅವಳ ಮಾತಿನಲ್ಲೇ ಹೇಳುತ್ತೇನೆ, ನನ್ನದನ್ನು ಸೇರಿಸಿದರೆ ಕೆಡುತ್ತದೆ.

“ಲೇಸರ್ ಬೆಳಕು ಗೊತ್ತಲ್ಲ, ಅದನ್ನ ಭಾಳ ಜೋರು ಮಾಡಿ, ಕಣ್ಣರೆಪ್ಪಿ ಬಡಿಯೋದಕಿಂತ ಎಷ್ಟೋ ಪಾಲು ಕಡಿಮಿ ಹೊತ್ತಿನ್ಯಾಗ, ಉಳ್ಳಾಗಡ್ಡಿ ಪೊರಿಗಿಂತ ತೆಳ್ಳನ ಹಾಳಿಗೆ ಹೊಡಿತೀವಿ. ಆ ಹೊಡೆತಕ್ಕ ಹಾಳಿ ಹಿಂಬದಿಯಿಂದ ಸಣ್ಣ ಕಣ ಹಾರ್ತಾವ. ಅಯಾನು ಅಂತಾರ ಅವಕ್ಕ. ಅದರ ಹಿಂದ ಒಂದು ಲೋಹದ ಗಟ್ಟಿ ಇಟ್ಟಿರ್ತೀವಿ. ಅದಕ್ಕ ಅವು ಹೋಗಿ ಬಡದ್ರ ಅದರಿಂದ ನ್ಯೂಟ್ರಾನು ಹೊರಗ ಬೀಳ್ತಾವ.”

“ಬಿದ್ರ ಏನು ಲಾಭ?”

“ಎಕ್ಸ್‌ರೇಗೆ ಎಲುಬು ಕಾಣತೈತಿ, ಖರೆ. ದಪ್ಪ ಕಬ್ಬಿಣದ ಒಳಗ ನೀರು ನಿಂತಿದ್ರ ಅದಕ್ಕ ಕಾಣಂಗಿಲ್ಲ. ನ್ಯೂಟ್ರಾನಿಗೆ ಕಾಣತೈತಿ. ಆದ್ರ ಅವು ಎಲ್ಲಾ ಕಡಿಗೂ ಚೆಲ್ಲಿ ಹೋದ್ರ ಉಪಯೋಗ ಇಲ್ಲ. ಹೊಲದಾಗ ಬೀಜ ಕೈಲೆ ಚೆಲ್ಲೋದು ಬ್ಯಾರೆ, ಕೂರಿಗಿ ಹಿಡಿದು ಸಾಲಿಗೆ ಬಿತ್ತೋದು ಬ್ಯಾರೆ. ನನ್ನವು ಸಾಲಿಗೆ ಬೀಳ್ತಾವ, ಮುಂದಕ್ಕ ಹೋಗ್ತಾವ ಅಂತ ನಾ ತೋರಿಸಬೇಕು. ಹೋದ ತಿಂಗಳು ಮುಂದ ಎರಡು ಪಾಲು, ಬಾಜೂಕ ಒಂದು ಪಾಲು ಬಂದೈತಿ. ಇನ್ನೆರಡು ದಿನ ಅದೇ ಮತ್ತ ಬಂದ್ರ ಮುಗೀತು.”

ಸೇತುವೆಯ ಕಂಬದೊಳಗೆ ನೀರಿದೆಯೋ ಇಲ್ಲವೋ ನೋಡುವ ಯಂತ್ರವಾದರೆ ನಮ್ಮ ತುಂಗಭದ್ರೆಯ ಮೇಲೆಯೇ ಎಷ್ಟು ಕೆಲಸ ಸಿಗುತ್ತದೆ ಎಂದು ನಾನು ಮನಸ್ಸಿನಲ್ಲೇ ಗುಣಿಸಿ ಭಾಗಿಸಿದೆ. ಹಾಗೆ ಹೇಳಿದ್ದಕ್ಕೆ, “ಯಂತ್ರ ಆಗೋದ್ರಾಗ ನನ್ನ ಕೂದಲಾ ಬೆಳ್ಳಗಾಗ್ತಾವ ಮಾವ, ಈಗ್ಲೇ ಅಂಗಡಿ ಬಾಡಿಗಿ ಹಿಡೀಬ್ಯಾಡ,” ಅಂದಳು. ಬಂದ ಮೇಲೆ ಅವಳು ನಕ್ಕಿದ್ದು ಅದೊಂದೇ ಸಲ.

ಗುರುವಾರ

ಪ್ರಯೋಗಶಾಲೆಯನ್ನು ಅತಿಥಿಯಾಗಿ ನೋಡಲು ಪೂರ್ಣಿಯ ಪ್ರೊಫೆಸರರ ಅಪ್ಪಣೆ ಸಿಕ್ಕಿತ್ತು. ಬಾಗಿಲಲ್ಲೇ ಚಪ್ಪಲಿ ಬಿಡಿಸಿದರು, ಬಟ್ಟೆಯ ಕಾಲುಚೀಲ ಹಾಕಿಸಿದರು, ಬಿಳೀ ಕೋಟು ಕೊಟ್ಟರು. ದೇಶ ಯಾವುದಾದರೇನು, ಒಳಗೆ ಬೆಲೆಯುಳ್ಳದ್ದು ಏನೋ ಇದೆ ಎಂದರೆ ಚಪ್ಪಲಿ ಹೊರಗೆ. ಯೋಹಾನ್ ಎಂಬ ತಾಂತ್ರಿಕ, ನಲವತ್ತರ ಮೌನದ ಮನುಷ್ಯ, ನನ್ನ ಅಂಗಿಯ ಮೇಲೆ ಉಬ್ಬಿದ್ದನ್ನು ಕಂಡು ತನ್ನ ಎದೆ ಮುಟ್ಟಿ ತೋರಿಸಿ ಏನೋ ಕೇಳಿದ. ಹೃದಯಕ್ಕೆ ಹಾಕಿಸಿಕೊಂಡ ಯಂತ್ರವೇ ಎಂದು ಅವನ ಪ್ರಶ್ನೆ. ಅದು ನನ್ನ ಕರಡಿಗೆ. ಇಷ್ಟಲಿಂಗ ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಸಂಪುಟ. ಲೋಹವನ್ನೆಲ್ಲ ತೆಗೆದಿಡುವುದು ಅಲ್ಲಿಯ ಪದ್ಧತಿಯಂತೆ.

“ಇದನ್ನ ಮಾತ್ರ ತೆಗೆಯಂಗಿಲ್ಲ ಅಂತ ಹೇಳವ್ವ. ಬೇಕಾದ್ರ ನಾ ಹೊರಗ ಕುಂದರ್ತೀನಿ,” ಅಂದೆ.

ಪೂರ್ಣಿ ಅವನ ಜೊತೆ ಜರ್ಮನ್ನಿನಲ್ಲಿ ಸ್ವಲ್ಪ ಹೊತ್ತು ಮಾತಾಡಿದಳು. ಅವನು ನನ್ನ ಮುಖ ನೋಡಿದ, ಕರಡಿಗೆಯತ್ತ ಸಣ್ಣಗೆ ತಲೆ ಬಾಗಿಸಿದ. “ದಪ್ಪ ಗೋಡೆಯ ಈಚೆ ಕುಂದರ್ತೀರಿ, ಇರಲಿ ಅಂದ,” ಎಂದಳು.

ಲೇಸರಿನ ಕೋಣೆಯನ್ನು ಕಿಟಕಿಯಿಂದ ತೋರಿಸಿದಳು. ಬಾಗಳಿಯ ಕಲ್ಲೇಶ್ವರನ ಗುಡಿಗೆ ಬಿಸಿಲಿನಿಂದ ಒಳಗೆ ಹೋದಾಗ ಕಂಬಗಳು ಒಂದೊಂದಾಗಿ ಕಣ್ಣಿಗೆ ಬರುತ್ತವಲ್ಲ, ಇಲ್ಲಿಯೂ ಹಾಗೆಯೇ. ಕತ್ತಲಲ್ಲಿ ಮೊದಲು ಏನೂ ಕಾಣಲಿಲ್ಲ. ಆಮೇಲೆ ಒಂದು ಕನ್ನಡಿ, ಅದರಾಚೆ ಇನ್ನೊಂದು, ಕೊಳವೆಗಳು, ಕೊನೆಗೆ ಉಕ್ಕಿನ ಒಂದು ದೊಡ್ಡ ಗುಂಡು. ಹಾಳೆ ಇರುವುದು ಆ ಗುಂಡಿನೊಳಗೆ. ಗುಂಡಿನ ಮುಂದೆ ಒಂದು, ಬದಿಗೆ ಒಂದು, ಹೀಗೆ ಎರಡು ಬಿಳೀ ಪ್ಲಾಸ್ಟಿಕ್ ಡಬ್ಬಿಗಳಿದ್ದವು.

“ಆ ಡಬ್ಬ್ಯಾಗ ಏನೈತಿ ಹೇಳು ನೋಡೋಣ,” ಅಂದಳು ಪೂರ್ಣಿ.

“ನನಗೇನು ಗೊತ್ತು?”

“ನಿನಗ ಗೊತ್ತಿಲ್ಲದ್ದು ಅಲ್ಲ. ಬೆಳ್ಳಿ.”

ನಂಬಲಿಲ್ಲ. ಹೊಡೆತ ಬಿದ್ದ ಕ್ಷಣದಲ್ಲಿ ಏಳುವ ಅಬ್ಬರಕ್ಕೆ ವಿದ್ಯುತ್ ಮೀಟರುಗಳೆಲ್ಲ ಕುರುಡಾಗುತ್ತವಂತೆ. ಬೆಳ್ಳಿ ಕುರುಡಾಗುವುದಿಲ್ಲ. ನ್ಯೂಟ್ರಾನು ತಾಗಿದರೆ ಅದು ಎಚ್ಚರಗೊಂಡು, ಅಬ್ಬರ ಮುಗಿದ ಮೇಲೆ ಎರಡು ಮೂರು ನಿಮಿಷ ತಾನೇ ಕಣ ಬಿಡುತ್ತದೆ. ಆ ಬೆಳ್ಳಿ ತಗಡು ಸುತ್ತಿಕೊಂಡ ಕೊಳವೆ ಅದನ್ನು ಟಿಕ್ ಟಿಕ್ ಎಂದು ಎಣಿಸುತ್ತದೆ. ಆಮೇಲೆ ಬೆಳ್ಳಿ ಮತ್ತೆ ಸುಮ್ಮನಾಗುತ್ತದೆ. ಎಷ್ಟು ಟಿಕ್ ಬಂತೋ ಅದರ ಮೇಲೆ ಎಷ್ಟು ನ್ಯೂಟ್ರಾನು ಬಂದವು ಎಂಬ ಲೆಕ್ಕ. ಬೆಳ್ಳಿಯನ್ನು ಕಾಸಿದ್ದೇನೆ, ಬಡಿದಿದ್ದೇನೆ, ಹುಣಸೆಹುಳಿಯಲ್ಲಿ ತಿಕ್ಕಿದ್ದೇನೆ, ಅದರಿಂದ ಮನೆ ಕಟ್ಟಿದ್ದೇನೆ. ಅದಕ್ಕೆ ಇಂಥ ಗುಣವಿದೆ ಎಂದು ತಿಳಿಯಲು ಇಷ್ಟು ವಯಸ್ಸಾಗಬೇಕಾಯಿತು.

ಹೊಡೆತಕ್ಕೆ ಮುಂಚೆ ಕೊಂಬು ಊದಿದಂಥ ಸದ್ದು, ಬಾಗಿಲು ಮುಚ್ಚುವುದು, ಯೋಹಾನ್ ಹಿಂದಕ್ಕೆ ಎಣಿಸುವುದು. ಅಷ್ಟೆಲ್ಲ ಸಿದ್ಧತೆಗೆ ಕಿವಿ ಮುಚ್ಚಿಕೊಂಡು ಕೂತೆ. ಏನೂ ಕೇಳಲಿಲ್ಲ. ಮದುವೆಯಲ್ಲಿ ಗರ್ನಾಲು ಹಚ್ಚಿ ಓಡಿಬಂದು, ಅದು ಸಿಡಿಯದೇ ಹೋದಾಗ ಆಗುತ್ತದಲ್ಲ, ಹಾಗಾಯಿತು. ಮರುಕ್ಷಣ ಗೋಡೆಯ ಮೇಲಿನ ಪೆಟ್ಟಿಗೆಯಿಂದ ಟಿಕ್ ಟಿಕ್ ಶುರುವಾಯಿತು. ಎರಡು ಪರದೆಯ ಮೇಲೆ ಎರಡು ಅಂಕಿಗಳು ಏರಿದವು. ಮುಂದಿನದು ಎರಡು ಪಾಲು, ಬದಿಯದು ಒಂದು. ಲೇಸರಿನೊಳಗಿನ ಗಾಜು ತಣ್ಣಗಾಗಲು ತಾಸು ಹೊತ್ತು ಬಿಟ್ಟು ಮತ್ತೆ ಹೊಡೆದರು. ಮತ್ತೆ ಅದೇ. ಸಂಜೆಯವರೆಗೆ ಆರು ಹೊಡೆತ. ಆರಕ್ಕೆ ಆರೂ ಒಂದೇ ಮಾತು ಹೇಳಿದವು. ಪ್ರೊಫೆಸರರು ಬಂದು ಪೂರ್ಣಿಯ ಭುಜ ತಟ್ಟಿ ಹೋದರು.

ಅಲ್ಲಿಗೆ ಸುಮ್ಮನಿರಬೇಕಿತ್ತು. ಸುಮ್ಮನಿರುವುದು ನನ್ನಿಂದ ಆಗದ ಕೆಲಸ.

“ಪೂರ್ಣಿ, ಆ ಎರಡು ಡಬ್ಬಿ ಅದಲು ಬದಲು ಮಾಡಿ ನೋಡೀರೇನು?”

“ಯಾಕ?”

“ಮುಂದಿಂದು ಬಾಜೂಕ, ಬಾಜೂದು ಮುಂದಕ್ಕ. ಮುಂದಿನ ಡಬ್ಬೀನೇ ತಾನಾಗಿ ಹೆಚ್ಚು ಹೇಳ್ತಿದ್ರ?”

“ಹೋದ ವರ್ಷ ಎರಡೂ ಒಂದೇ ನ್ಯೂಟ್ರಾನು ಮೂಲದ ಮುಂದ ಇಟ್ಟು ತಾಳೆ ನೋಡೀವಿ ಮಾವ.”

“ಹೋದ ವರ್ಷದ ತಕ್ಕಡಿ ಮ್ಯಾಲೆ ಈ ವರ್ಷ ಯಾರು ಮಾಲು ಕೊಡ್ತಾರ?”

ಅವಳ ಮುಖ ಕೆಂಪಾಯಿತು. “ಮಾವ, ಇದು ಸಂತಿ ಅಲ್ಲ. ನಾಳಿಗೆ ನಾಕ ಹೊಡೆತ ಉಳದಾವ. ನಾಕನೂ ನನಗ ಬೇಕು.”

ಯೋಹಾನನಿಗೆ ನಮ್ಮ ಭಾಷೆ ತಿಳಿಯದಿದ್ದರೂ ಜಗಳ ತಿಳಿಯಿತು. ಅವನು ತನ್ನ ಕೈಗಡಿಯಾರ ನೋಡಿಕೊಂಡ.

ನನ್ನ ಮಾತಿಗೆ ಒಂದು ಕಾರಣವಿತ್ತು. ಅದನ್ನು ಅವಳಿಗೆ ಕೋಣೆಗೆ ನಡೆದು ಬರುವಾಗ ಹೇಳಿದೆ. ಸೈಕಲ್ಲಿನ ದಿನಗಳಲ್ಲಿ ಮಾಗಳದ ಸಂತೆಯಲ್ಲಿ ಒಬ್ಬ ಮುದುಕಿ ತನ್ನ ಹಳೇ ಕಡಗ ಮಾರಲು ಬಂದಿದ್ದಳು. ತೂಗಿ ಹೇಳಿದೆ. ಆಕೆ ಕೈ ಚಾಚದೆ, “ತಮ್ಮಾ, ಕಡಗ ತಕ್ಕಡಿ ಆ ಪರಡಿಗೆ ಹಾಕು, ಕಲ್ಲು ಈ ಪರಡಿಗೆ ಹಾಕು,” ಅಂದಳು. ಹಾಕಿದೆ. ತೂಕ ಬೇರೆ ಬಂತು. ತಕ್ಕಡಿಯ ಒಂದು ಕೈ ಕೂದಲಷ್ಟು ಉದ್ದವಿತ್ತು. ನನಗೆ ಗೊತ್ತಿರಲಿಲ್ಲ, ದೇವರಾಣೆಗೂ ಗೊತ್ತಿರಲಿಲ್ಲ. ಆದರೆ ಸುತ್ತ ನಿಂತ ಮಂದಿಗೆ ತಕ್ಕಡಿಯ ಮುಖ ಕಾಣಲಿಲ್ಲ, ನನ್ನದು ಕಂಡಿತು. ಎರಡೂ ತೂಕಗಳ ನಡುವಿನದು ನಿಜವೆಂದು ಆ ಮುದುಕಿಯೇ ಹೇಳಿಕೊಟ್ಟು, ಅಷ್ಟಕ್ಕೇ ಕಡಗ ಕೊಟ್ಟು ಹೋದಳು. ಅಂದಿನಿಂದ ನನ್ನ ಅಂಗಡಿಯಲ್ಲಿ ಎರಡು ಸಲ ತೂಗದೆ ಯಾವ ಮಾಲೂ ಒಳಗೆ ಬಂದಿಲ್ಲ, ಹೊರಗೆ ಹೋಗಿಲ್ಲ.

ಪೂರ್ಣಿ ಕೋಣೆಯ ಬೀಗ ತೆಗೆದು ನನಗೆ ಹಾಸಿಗೆ ಹಾಸಿಕೊಟ್ಟಳು.

ಶುಕ್ರವಾರ

ಬೆಳಿಗ್ಗೆ ಚಹಾ ಕುಡಿಯುತ್ತಾ ಅವಳೇ ಹೇಳಿದಳು: “ಎರಡು ಹೊಡೆತ ಬದಲಿ ಮಾಡಿ ಹೊಡಿತೀನಿ. ಅದೇ ಬರತೈತಿ. ಬಂದ ಮ್ಯಾಲೆ ಕೊಟ್ಟೂರಿಗೆ ಹೋಗೋತನ ನೀ ನನಗ ಬುದ್ಧಿ ಹೇಳಂಗಿಲ್ಲ, ಒಪ್ಪಿದಿ?”

“ಒಪ್ಪಿದೆ,” ಅಂದೆ.

ಡಬ್ಬಿಗಳನ್ನು ಅವಳೇ ಎತ್ತಿ ಅದಲು ಬದಲು ಮಾಡಿ ಬಂದಳು. ಕೊಂಬು ಊದಿತು, ಬಾಗಿಲು ಮುಚ್ಚಿತು, ಯೋಹಾನ್ ಎಣಿಸಿದ. ಟಿಕ್ ಟಿಕ್ ಶುರುವಾಯಿತು. ಪರದೆಯ ಮೇಲೆ ಎರಡು ಅಂಕಿಗಳು ಜೊತೆಜೊತೆಗೆ ಏರಿದವು. ಒಂದು ಹೆಜ್ಜೆ ಇದು ಮುಂದೆ, ಒಂದು ಹೆಜ್ಜೆ ಅದು ಮುಂದೆ. ನಿಂತಾಗ ಎರಡೂ ಹೆಚ್ಚುಕಡಿಮೆ ಸಮ. ಬದಿಯದೇ ಕೂದಲೆಳೆ ಹೆಚ್ಚು.

ಆ ಸಲ ಲೇಸರು ಸ್ವಲ್ಪ ಸಪ್ಪೆಯಾಗಿತ್ತೆಂದು ಯೋಹಾನ್ ಹೇಳಿದ. ತಾಸು ಬಿಟ್ಟು ಎರಡನೆಯದು ಹೊಡೆದರು. ಈ ಸಲ ಸಪ್ಪೆಯಾಗಿರಲಿಲ್ಲ. ಅಂಕಿಗಳು ಮತ್ತೆ ಸಮ.

ಯೋಹಾನ್ ನಿನ್ನೆ ಬದಿಯಲ್ಲಿದ್ದ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದ. ನೋಡಿದ ಕೂಡಲೆ ನನಗೆ ಗೊತ್ತಾಯಿತು. ಕೊಳವೆಗೆ ಸುತ್ತಿದ ಬೆಳ್ಳಿ ತಗಡು ಸಡಿಲಾಗಿತ್ತು, ಮುದುಕಿಯ ಕೈಯ ಬಳೆಯ ಹಾಗೆ. ನಡುವೆ ಸಂದು ಬಿದ್ದಿತ್ತು. ಆ ಡಬ್ಬಿ ಇದ್ದದ್ದಕ್ಕಿಂತ ಕಡಿಮೆ ಹೇಳುತ್ತಿತ್ತು. ನನ್ನ ಬೆರಳು ತಾನಾಗಿಯೇ ಮುಂದೆ ಹೋಯಿತು. ಒಂದು ನಿಮಿಷದ ಕೆಲಸ, ಬಿಗಿಯಾಗಿ ಸುತ್ತಿಬಿಡಬಹುದಿತ್ತು.

“ಮುಟ್ಟಬ್ಯಾಡ ಮಾವ,” ಪೂರ್ಣಿ ನನ್ನ ಕೈ ಹಿಡಿದಳು. “ಈಗ ಸರಿ ಮಾಡಿದ್ರ ಹಿಂದಿನ ಎಣಿಕಿ ಯಾವುದಕ್ಕೂ ಅರ್ಥ ಉಳಿಯಂಗಿಲ್ಲ. ಸಡಿಲ ಇದ್ದದ್ದು ಹಂಗ ಸಡಿಲ ಇರಲಿ.”

ಉಳಿದ ಎರಡು ಹೊಡೆತಗಳಲ್ಲಿ ಡಬ್ಬಿಗಳನ್ನು ಒಮ್ಮೆ ಹಿಂದಿನ ಜಾಗಕ್ಕೆ, ಒಮ್ಮೆ ಬದಲು ಜಾಗಕ್ಕೆ ಇಟ್ಟಳು. ಲೆಕ್ಕ ಹಾಕಿದಾಗ ನಿಜ ಹೊರಬಿತ್ತು. ಬದಿಗೆ ಒಂದು ಪಾಲು ಹೋದರೆ ಮುಂದಕ್ಕೆ ಒಂದೂವರೆ, ಅದಕ್ಕೂ ಒಂದು ಚೂರು ಕಡಿಮೆ. ನ್ಯೂಟ್ರಾನುಗಳು ಮುಂದಕ್ಕೆ ವಾಲಿದ್ದವು, ಸುಳ್ಳಲ್ಲ. ಆದರೆ ಕೂರಿಗೆ ಬಿತ್ತನೆ ಎನ್ನುವಷ್ಟಲ್ಲ. ಗಾಳಿ ಬಂದ ಕಡೆಗೆ ಸ್ವಲ್ಪ ಹೆಚ್ಚು ಚೆಲ್ಲಿದ ಹಾಗೆ.

ಹಿರಿಯರು ಬರಲು ಎರಡು ತಾಸು ಉಳಿದಿತ್ತು. ಕಟ್ಟಡದ ಮೆಟ್ಟಿಲ ಮೇಲೆ ಕೂತಿದ್ದೆವು. ಇಲ್ಲಿ ಬರೆಯಲು ನಾಚಿಕೆಯಾಗುವ ಮಾತೊಂದಿದೆ. ಬರೆಯುತ್ತೇನೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವಳು ಈ ಹೊತ್ತಿಗೆ ಗೆದ್ದಿರುತ್ತಿದ್ದಳು. ಆಗ ನನ್ನೊಳಗಿನ ವ್ಯಾಪಾರಿ ಮಾತಾಡಿದ.

“ಪೂರ್ಣಿ, ನನ್ನ ಮಾತು ಕೇಳು. ಇವತ್ತ ನಿನ್ನಿ ಆರು ಹೊಡೆತದ್ದು ಹೇಳು. ಅದೂ ಸುಳ್ಳಲ್ಲ, ಬಂದದ್ದನ್ನೇ ಹೇಳ್ತಿ. ಇವತ್ತಿಂದು ಯೋಹಾನ್ ಅಂದಂಗ ಲೇಸರು ಸಪ್ಪಗಿತ್ತು ಅನ್ನು. ಮೊದಲು ಒಂದು ವರ್ಷ ಗಟ್ಟಿ ಮಾಡ್ಕೋ. ಆಮ್ಯಾಲೆ ನೆಟ್ಟಗ ಮಾಡು. ಯಾರು ಬ್ಯಾಡ ಅಂತಾರ?”

“ಎರಡನೇದು ಸಪ್ಪಗಿರಲಿಲ್ಲಲ್ಲ ಮಾವ.”

“ಅದು ನಿನಗ ಗೊತ್ತು, ಅವರಿಗೆ ಗೊತ್ತಿಲ್ಲ.”

ಅವಳು ನನ್ನನ್ನು ನೇರವಾಗಿ ನೋಡಿದಳು. ಸಿಟ್ಟಿರಲಿಲ್ಲ, ಅದಕ್ಕೇ ತಡೆದುಕೊಳ್ಳಲಾಗಲಿಲ್ಲ.

“ಆ ಮಾಗಳದ ಮುದುಕಿಗೆ ತಕ್ಕಡಿ ಬದಲಿ ಮಾಡಿ ತೋರಿಸಿದ ಮ್ಯಾಲೆ, ನೀ ಮೊದಲಿನ ತೂಕಾನೇ ಹೇಳಿ ಕಳಸಿದೇನು?”

“ಇಲ್ಲ.”

“ಮತ್ತ?”

ಮೆಟ್ಟಿಲ ಕೆಳಗೆ ಒಬ್ಬ ಮುದುಕ ತನ್ನ ನಾಯಿಯನ್ನು ಕರೆದುಕೊಂಡು ಹೋಗುತ್ತಿದ್ದ. ನಾಯಿ ನಿಂತರೆ ಅವನೂ ನಿಲ್ಲುತ್ತಿದ್ದ. ಆ ದೇಶದಲ್ಲಿ ಯಾರಿಗೂ ಅವಸರವಿದ್ದಂತೆ ಕಾಣಲಿಲ್ಲ, ನಮ್ಮಿಬ್ಬರನ್ನು ಬಿಟ್ಟು.

ಮಧ್ಯಾಹ್ನದ ಸಭೆಗೆ ನನ್ನನ್ನೂ ಬಿಟ್ಟರು, ಹಿಂದಿನ ಕುರ್ಚಿಯಲ್ಲಿ. ಬಂದವರು ಮೂವರು: ಇಬ್ಬರು ಗಂಡಸರು, ಕೂದಲು ಬೆಳ್ಳಗಾದ ಒಬ್ಬ ಹೆಂಗಸು. ಮಾತುಗಳಲ್ಲಿ ನನಗೆ ಕಾಲು ಭಾಗವಷ್ಟೇ ತಿಳಿಯಿತು. ಆದರೆ ಪೂರ್ಣಿ ಗೋಡೆಯ ಮೇಲೆ ಮೊದಲು ಎರಡು ಪಾಲಿನ ಗೆರೆ ತೋರಿಸಿದ್ದು, ಆಮೇಲೆ ಸಮನಾದ ಗೆರೆ ತೋರಿಸಿದ್ದು, ಸಡಿಲಾದ ಬೆಳ್ಳಿಯ ಚಿತ್ರ ತೋರಿಸಿದ್ದು, ಕೊನೆಗೆ ಒಂದೂವರೆಗಿಂತ ಸಣ್ಣ ಆ ಅಂಕಿಯನ್ನು ಬರೆದು ಅದರ ಕೆಳಗೆ ಗೆರೆ ಎಳೆದದ್ದು ಕಣ್ಣಿಗೆ ಕಂಡಿತು. ಪ್ರೊಫೆಸರರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಗಂಡಸರಲ್ಲೊಬ್ಬ ಕಡತ ಮುಚ್ಚಿಟ್ಟ.

ಬಿಳೀ ಕೂದಲಿನ ಹೆಂಗಸು ಒಂದು ಪ್ರಶ್ನೆ ಕೇಳಿದಳು. ಪೂರ್ಣಿ ತಿರುಗಿ ನನ್ನತ್ತ ಬೆರಳು ತೋರಿಸಿದಳು. ಮೂವರೂ ಕುರ್ಚಿ ತಿರುಗಿಸಿ ನನ್ನನ್ನು ನೋಡಿದರು. ಏನು ಮಾಡಬೇಕೆಂದು ತಿಳಿಯದೆ ಎದ್ದು ನಿಂತು ಕೈ ಮುಗಿದೆ.

“ಏನು ಕೇಳಿದ್ರು?” ಎಂದೆ, ಹೊರಗೆ ಬಂದ ಮೇಲೆ.

“ಬದಲಿ ಮಾಡಿ ನೋಡು ಅಂತ ಯಾರು ಹೇಳಿದ್ರು ಅಂದ್ರು. ನಮ್ಮ ಸೋದರಮಾವ, ಬೆಳ್ಳಿ ವ್ಯಾಪಾರ ಅಂದೆ.”

ತೀರ್ಪಿಗೆ ಒಂದು ತಾಸು ಕಾದೆವು. ಒಂದು ವರ್ಷ ಕೊಡಲಿಲ್ಲ. ಲೇಸರಿನ ಮುಂದಿನ ಸರದಿ ಪಕ್ಕದ ದೇಶದಿಂದ ಬಂದು ಕಾದಿದ್ದ ಇನ್ನೊಂದು ಗುಂಪಿಗೆ ಹೋಯಿತು. ಅವರು ಇನ್ನೂ ದೊಡ್ಡ ಮಾತು ಹೇಳುತ್ತಿದ್ದರಂತೆ, ಮುಂದಕ್ಕೆ ಐದು ಪಾಲು ಹೋಗುತ್ತದೆಂದು. ಆದರೆ ಬಿಳೀ ಕೂದಲಿನ ಹೆಂಗಸು ಒಂದು ಷರತ್ತು ಹಾಕಿದ್ದಳು: ಆ ಐದು ಪಾಲನ್ನು ಪೂರ್ಣಿಯ ಡಬ್ಬಿಗಳು ಅಳೆಯಬೇಕು, ಪೂರ್ಣಿಯೇ ಅಳೆಯಬೇಕು. ಅದಕ್ಕಾಗಿ ಅರ್ಧ ವರ್ಷ ಇಟ್ಟುಕೊಳ್ಳಬೇಕು. ಆ ಅರ್ಧ ವರ್ಷದಲ್ಲಿ ತನ್ನ ಸಣ್ಣ ಅಂಕಿಯನ್ನೇ ಬರೆದು ಅವಳು ಓದು ಮುಗಿಸಬಹುದು.

“ಮಂದಿ ಮಾಲು ಅಳಿಯಾಕ ಇಟಗೊಂಡ್ರು ನೋಡು ನನ್ನ,” ಅಂದಳು. ಆಮೇಲೆ ಗೋಡೆಗೆ ಮುಖ ಮಾಡಿ ಅತ್ತಳು. ಐದು ವರ್ಷ ತನ್ನದೆಂದು ಸಾಕಿದ್ದು ಒಂದೇ ಬೆಳಿಗ್ಗೆಯಲ್ಲಿ ಅಷ್ಟು ಸಣ್ಣದಾದರೆ ಯಾರಾದರೂ ಅಳುತ್ತಾರೆ. ಯಾವುದಕ್ಕೂ ಒಂದು ಸಲಹೆ ಇಟ್ಟುಕೊಂಡಿರುವ ನನ್ನ ಹತ್ತಿರ ಅವತ್ತು ಒಂದೂ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದೆ, ಅಷ್ಟೇ.

ಸಂಜೆ ಹಿರೇಹಡಗಲಿಗೆ ಫೋನು ಹಚ್ಚಿದೆವು. ಪಕ್ಕದ ಮನೆಯವರು ಅಕ್ಕನನ್ನು ಕರೆದುಕೊಟ್ಟರು.

“ಆಕೀ ಕೆಲಸ ಎಲ್ಲಿಗೆ ಬಂತೋ?” ಅಂದಳು ಅಕ್ಕ.

“ಓದು ಮುಗಿಸ್ತಾಳ. ಇನ್ನೊಬ್ಬರದ್ದು ಅಳೆಯೋ ಕೆಲಸಾನೂ ಕೊಟ್ಟಾರ.”

“ಅಳೆಯೋದಾ? ಅದನ್ನ ನಿನ್ನ ಅಂಗಡ್ಯಾಗ ಕುಂತು ಮಾಡಬಹುದಿತ್ತಲ್ಲೋ. ಅದಕ್ಕ ಅಷ್ಟು ದೂರ ಹೋಗಬೇಕಾತೇನು?”

“ಹೋಗಬೇಕಿತ್ತಕ್ಕ,” ಅಂದೆ. ಫೋನನ್ನು ಪೂರ್ಣಿಯ ಕೈಗೆ ಕೊಟ್ಟೆ. ಅವಳು ತುಂಬಾ ಹೊತ್ತು ಬರೀ “ಹೂಂ ಅವ್ವ, ಹೂಂ ಅವ್ವ” ಅನ್ನುತ್ತಿದ್ದಳು.

ಶನಿವಾರ

ನನ್ನ ರೈಲು ಮಧ್ಯಾಹ್ನಕ್ಕಿತ್ತು. ಹೊಸ ಗುಂಪು ಆಗಲೇ ತಮ್ಮ ಸರಂಜಾಮು ತಂದು ಜೋಡಿಸಿತ್ತು. ಅವರ ಮುಖಂಡ ಎತ್ತರದ, ಚುರುಕು ಕಣ್ಣಿನ ಮನುಷ್ಯ, ಎಲ್ಲರಿಗೂ ಕೈ ಕೊಟ್ಟ, ನನಗೂ ಕೊಟ್ಟ. ಪ್ರತಿ ಅಳತೆಗೆ ಎರಡು ಹೊಡೆತ ಬೇಕಾಗುತ್ತದೆಂದು ಪೂರ್ಣಿ ಹೇಳಿದಾಗ ಅವನಿಗೆ ಹಿಡಿಸಲಿಲ್ಲ. ಅವರಿಗೆ ಸಿಕ್ಕ ಹೊಡೆತಗಳೂ ಎಣಿಸಿ ಕೊಟ್ಟವೇ. ಒಂದು ಸಲ ಸಾಲದೇ ಎಂದ. ಪೂರ್ಣಿ ಸಾಲದು ಎಂದಳು. ಮತ್ತೆ ಕೇಳಿದ. ಮತ್ತೆ ಅದನ್ನೇ ಅಂದಳು, ದನಿ ಏರಿಸದೆ. ರಾತ್ರಿಯೆಲ್ಲ ಅತ್ತ ಕಣ್ಣುಗಳು ಇನ್ನೂ ಊದಿಕೊಂಡಿದ್ದವು. ಆದರೆ ಡಬ್ಬಿಗಳನ್ನು ತಾನೇ ಎತ್ತಿ ಒಳಗೆ ಇಟ್ಟು ಬಂದಳು. ಬೆಳ್ಳಿಯನ್ನು ಬೆಳಿಗ್ಗೆ ಅವಳು ಹೇಳಿದ ಮೇಲೆ ನಾನೇ ಹೊಸದಾಗಿ ಸುತ್ತಿಕೊಟ್ಟಿದ್ದೆ, ಎರಡಕ್ಕೂ ಒಂದೇ ಬಿಗಿ. ಹಾಗಿದ್ದರೂ ಬದಲು ಮಾಡಿಯೇ ನೋಡುತ್ತೇನೆ ಎಂದಿದ್ದಳು. ನಾನು ಸುತ್ತಿದ್ದೆಂದು ನನಗೆ ವಿನಾಯಿತಿ ಇರಲಿಲ್ಲ.

“ಮಾವ, ರೈಲಿಗೆ ಹೊತ್ತಾತು,” ಅಂದಳು.

“ಒಂದು ನೋಡಿ ಹೋಗ್ತೀನಿ.”

ಕೊಂಬು ಊದಿತು. ಬಾಗಿಲು ಮುಚ್ಚಿತು. ಯೋಹಾನ್ ಹಿಂದಕ್ಕೆ ಎಣಿಸಿದ. ಗೋಡೆಯ ಪೆಟ್ಟಿಗೆಯಿಂದ ಟಿಕ್ ಟಿಕ್ ಶುರುವಾಗಿ ಒಂದರ ಮೇಲೊಂದು ಬಿದ್ದು ದಟ್ಟವಾಯಿತು, ನಿಧಾನವಾಗಿ ತೆಳುವಾಯಿತು. ಮುಂದಿನ ಡಬ್ಬಿಯ ಅಂಕಿ ಬಹಳ ಮೇಲೆ ಹೋಗಿ ನಿಂತಿತ್ತು. ಎತ್ತರದ ಮನುಷ್ಯ ತನ್ನ ಗುಂಪಿನವರ ಬೆನ್ನು ತಟ್ಟಿದ. ನನ್ನ ಕಡೆ ತಿರುಗಿ, ನೋಡಿದೆಯಾ ಎಂಬಂತೆ ಪರದೆಯತ್ತ ಕೈ ಚಾಚಿದ.

ನಾನು ಪೂರ್ಣಿಯತ್ತ ನೋಡಿದೆ. ಪೂರ್ಣಿ ಆ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಂಡು, ಅದರ ಪಕ್ಕದ ಅಂಕಣವನ್ನು ಎರಡನೆಯ ಹೊಡೆತಕ್ಕೆಂದು ಖಾಲಿ ಬಿಟ್ಟು, ಬಾಗಿಲು ತೆರೆಯುವುದನ್ನೇ ಕಾಯುತ್ತಿದ್ದಳು. ತೆರೆದ ಕೂಡಲೆ ಡಬ್ಬಿಗಳನ್ನು ಅದಲು ಬದಲು ಮಾಡಲು ಒಳಗೆ ಹೋದಳು.